ಅಣ್ಣನ ಸಾಲ ಮನ್ನಾ ಮಾಡಿದ ಕಥೆ

ಅಣ್ಣನ ಜೊತೆ ಮಾತು ಬಿಟ್ಟು 11 ವರ್ಷ ಆಗಿತ್ತು. ಈಗ ಎರಡು ವಾರಕ್ಕೊಮ್ಮೆಯಾದರೂ ಫೋನಿನಲ್ಲಿ ಹರಟುತ್ತೇವೆ. ಅವನನ್ನು ಕ್ಷಮಿಸಿಬಿಡುತ್ತೇನೆ ಅಂದಾಗ "ನಿಮ್ಮಿಂದ ಆಗಲ್ಲ ಬಿಡಿ, ನೀವು ಮರೆಯೋ ಗಿರಾಕಿ ಅಲ್ಲ" ಅಂತ ನಕ್ಕಿದ್ದ ಹೆಂಡತಿ, ಈಗ ತನ್ನ ಚಿಕ್ಕಮ್ಮನ ವಿಷಯದಲ್ಲಿ ನನ್ನನ್ನೇ ಸಲಹೆ ಕೇಳುತ್ತಾಳೆ. ಅದಕ್ಕೇ ಸ್ವಲ್ಪ ಜಂಬದಿಂದ ಬರೆಯುತ್ತಿದ್ದೇನೆ.

ಜಗಳ ಹಣದ್ದೇ. ಅಮ್ಮನ ಆಸ್ಪತ್ರೆ ಖರ್ಚು ಅರ್ಧರ್ಧ ಅಂತ ಮಾತಾಗಿತ್ತು. ಕಟ್ಟಿದ್ದು ನಾನೊಬ್ಬನೇ. ಅವನ ಪಾಲು ಆಗಿನ ನನ್ನ ಎಂಟು ತಿಂಗಳ ಸಂಬಳದಷ್ಟು. ಅದನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ವರ್ಷಕ್ಕೆ ನೂರಕ್ಕೆ ಹತ್ತರ ಹಾಗೆ ಬಡ್ಡಿ ಸೇರಿಸುತ್ತಿದ್ದೆ. ಅದೂ ಚಕ್ರಬಡ್ಡಿ. ಹತ್ತನೇ ವರ್ಷಕ್ಕೆ ಬಾಕಿ ಎರಡೂವರೆ ಪಟ್ಟು ಆಗಿತ್ತು. ಕೈಗೆ ಬಂದದ್ದು ಸೊನ್ನೆ.

ಮೊದಲು ಪತ್ರ ಬರೆದು ಸುಡುವ ವಿಧಾನ ಮಾಡಿದೆ. ಸುಡುವ ಮುಂಚೆ ಒಮ್ಮೆ ಓದಿದೆ. ಎಷ್ಟು ಚೆನ್ನಾಗಿ ಬೈದಿದ್ದೇನೆ ಅನಿಸಿ ಫೋಟೋ ತೆಗೆದಿಟ್ಟುಕೊಂಡೆ! ಆಮೇಲೆ ಖಾಲಿ ಕುರ್ಚಿ, ಅಂದರೆ ಅದರಲ್ಲಿ ಅಣ್ಣ ಕೂತಿದ್ದಾನೆ ಅಂದುಕೊಂಡು ಮಾತಾಡೋ ವಿಧಾನ. ಹತ್ತು ನಿಮಿಷದಲ್ಲಿ ಕುರ್ಚಿಯ ಮೇಲೂ ಸಿಟ್ಟು ಬಂತು. ಆಪ್ತ ಸಮಾಲೋಚಕರ ಹತ್ತಿರ ಆರು ಸಲ ಹೋದೆ. ಅವರ ಫೀಸನ್ನೂ ನೋಟ್‌ಬುಕ್‌ನಲ್ಲಿ ಅಣ್ಣನ ಲೆಕ್ಕಕ್ಕೇ ಬರೆದೆ. ಕೊನೆಗೆ ಧೈರ್ಯ ಮಾಡಿ 'ನಿನ್ನನ್ನು ಕ್ಷಮಿಸಿದ್ದೇನೆ' ಅಂತ ಮೆಸೇಜ್ ಕಳಿಸಿದೆ. 'ಯಾವುದಕ್ಕೆ?' ಅಂತ ಉತ್ತರ ಬಂತು. ಮೂರು ರಾತ್ರಿ ನಿದ್ದೆ ಇಲ್ಲ.

ಪೆನ್ನೆಬೇಕರ್ ಅನ್ನೋ ಮನಶ್ಶಾಸ್ತ್ರಜ್ಞರ 1986ರ ಬರವಣಿಗೆ ಪ್ರಯೋಗ ಒಂದಿದೆ, ಮನಸ್ಸಿಗೆ ನೋವಾದದ್ದನ್ನು ದಿನಕ್ಕೆ 15 ನಿಮಿಷ, ನಾಲ್ಕು ದಿನ ಬರೆಯೋದು. ಅದನ್ನೇ ನಾನು ತಿರುವುಮುರುವು ಮಾಡಿದೆ. ನನ್ನ ಕಥೆ ಬಿಟ್ಟು ಅಣ್ಣನ ಬಾಯಲ್ಲಿ ಬರೆದೆ. 'ನಾನು' ಅಂದರೆ ಅವನು, 'ತಮ್ಮ' ಅಂದರೆ ನಾನು. ಮೊದಲೆರಡು ದಿನ ಅವನು ಸಿನಿಮಾ ವಿಲನ್ ಥರ ಮಾತಾಡಿದ. ಮೂರನೇ ದಿನ ಪೆನ್ನು ಇದನ್ನು ಬರೆಯಿತು: 'ತಮ್ಮ ನನ್ನನ್ನು ಕೇಳದೇ ದೊಡ್ಡ ಆಸ್ಪತ್ರೆಗೆ ಸೇರಿಸಿದ. ನನ್ನ ಹತ್ತಿರ ಅಷ್ಟು ಇಲ್ಲ ಅಂತ ಎಲ್ಲರೆದುರು ಹೇಗೆ ಹೇಳಲಿ?' ನಾನು ಕೇಳಿರಲಿಲ್ಲ. ಆ ವಿಷಯ ನನ್ನ ನೋಟ್‌ಬುಕ್‌ನ ಯಾವ ಪುಟದಲ್ಲೂ ಇರಲಿಲ್ಲ. ಕೊಡುತ್ತೇನೆ ಅಂದು ಕೊಡದಿದ್ದದ್ದು ತಪ್ಪೇ, ಅದನ್ನು ಈಗಲೂ ಹೇಳುತ್ತೇನೆ.

ಅವತ್ತೇ ಕೊನೆಯ ಬಾಕಿಯ ಕೆಳಗೆ 'ಮನ್ನಾ' ಅಂತ ಬರೆದು, ತಾರೀಖು ಹಾಕಿ ಸಹಿ ಮಾಡಿದೆ. ತೀರ್ಮಾನದ ಕ್ಷಮೆ ಬೇರೆ, ಮನಸ್ಸಿನ ಕ್ಷಮೆ ಬೇರೆ ಅಂತ ಎವರೆಟ್ ವರ್ದಿಂಗ್ಟನ್ ಅನ್ನೋ ಮನಶ್ಶಾಸ್ತ್ರಜ್ಞರು ಹೇಳುತ್ತಾರೆ, ಸರಿಯಾಗೇ ಹೇಳಿದ್ದಾರೆ. ಸಹಿಗೆ ಒಂದು ನಿಮಿಷ ಸಾಕಾಯಿತು. ಹೊಟ್ಟೆಯ ಉರಿ ಆರೋದಕ್ಕೆ ಐದಾರು ತಿಂಗಳು ಬೇಕಾಯಿತು.

ಆ ತಿಂಗಳುಗಳನ್ನು ಅಳೆಯಲು ಒಂದು ಕಿತಾಪತಿ ಮಾಡಿದೆ. ಎಡ ಜೇಬಿನಲ್ಲಿ ಇಪ್ಪತ್ತು ಪೇಪರ್ ಕ್ಲಿಪ್. ಹಳೆಯದು ನೆನಪಾಗಿ ಮೈ ಉರಿದಾಗಲೆಲ್ಲ ಒಂದು ಬಲ ಜೇಬಿಗೆ. ಮೊದಲ ವಾರ ದಿನಕ್ಕೆ ಹದಿನಾಲ್ಕೋ ಹದಿನೈದೋ ಇರಬೇಕು. ನಾಲ್ಕು ತಿಂಗಳಾದ ಮೇಲೆ ದಿನಕ್ಕೆ ಎರಡು, ಮೂರು. ಇದನ್ನೇ ಆಫೀಸಿನ ಒಬ್ಬರ ಮೇಲೂ ಪ್ರಯೋಗ ಮಾಡಿದೆ, ಉಪಯೋಗ ಆಗಲಿಲ್ಲ. ಆ ಮನುಷ್ಯ ದಿನಾ ಹೊಸ ಕಾರಣ ಕೊಡುತ್ತಾರೆ. ಹಾಗಾಗಿ ಇದು ಹಳೇ ಮುನಿಸಿಗೆ ಮಾತ್ರ.

ಮೊದಲ ಫೋನಿನಲ್ಲಿ ಏನು ಹೇಳಿದೆ ಅಂತ ತುಂಬ ಜನ ಕೇಳುತ್ತಾರೆ. ಅದೊಂದನ್ನು ಹೇಳಲ್ಲ. ಕ್ಷಮೆ ಅನ್ನುವ ಪದ ಅದರಲ್ಲಿ ಇರಲಿಲ್ಲ, ಅಷ್ಟೇ.

ಹೋದ ತಿಂಗಳು ಅಣ್ಣ ಸಾಲ ಕೇಳಿದ. ಇಲ್ಲ ಅಂದೆ. ಸರಿ ಬಿಡು ಅಂದ. ಆಮೇಲೂ ಅರ್ಧ ಗಂಟೆ ಬೇರೆ ಏನೇನೋ ಮಾತಾಡಿದೆವು. ಆ ದಿನ ಸಂಜೆ ಬಲ ಜೇಬಿನಲ್ಲಿ ನಾಲ್ಕು ಕ್ಲಿಪ್ ಇತ್ತು.