ಕರಗಿಹೋದ ಕೋಟೆಗೋಡೆಯನ್ನು ಮತ್ತೆ ಕಟ್ಟಿದ್ದು: ನನ್ನ ಅನುಭವ

1799ರ ಮೇ 4ರಂದು ಬ್ರಿಟಿಷ್ ಸೇನೆ ಕಾವೇರಿಯನ್ನು ದಾಟಿ ನುಗ್ಗಿದ ಶ್ರೀರಂಗಪಟ್ಟಣದ ವಾಯವ್ಯ ಮೂಲೆಯ ಗೋಡೆಯನ್ನು 1:72 ಪ್ರಮಾಣದ (ನಿಜ ಅಳತೆಯ 72ರಲ್ಲಿ ಒಂದು ಭಾಗದ) ಪುಟ್ಟ ಮಾದರಿಯಾಗಿ ಕಟ್ಟುತ್ತಿದ್ದಾಗ, ಸ್ಪ್ರೇ ಬಣ್ಣ ಹೊಡೆದ ಕೂಡಲೇ ಥರ್ಮೋಕೋಲಿನಲ್ಲಿ ಕೊರೆದಿದ್ದ ಕಲ್ಲಿನ ಸಾಲುಗಳು ಕರಗಿ ಗುಳಿಬಿದ್ದವು. ಬಣ್ಣದಲ್ಲಿದ್ದ ದ್ರಾವಕವೇ ಇದಕ್ಕೆ ಕಾರಣ.

ಹೊಸ ಗೋಡೆಗೆ ಫೆವಿಕಾಲ್, ನೀರು ಮತ್ತು ಜರಡಿ ಹಿಡಿದ ನುಣ್ಣನೆಯ ಮರಳನ್ನು ಕಲಸಿ ಎರಡು ಸಲ ಬಳಿದು, ರಾತ್ರಿಯಿಡೀ ಒಣಗಲು ಬಿಟ್ಟು, ಅಕ್ರಿಲಿಕ್ ಬಣ್ಣವನ್ನು ಕುಂಚದಿಂದಲೇ ಹಚ್ಚಿದೆ. ತೆಳುವಾದ ಕಪ್ಪು ನೀರನ್ನು ಸಂದುಗಳಿಗೆ ಇಳಿಸಿ, ಒರೆಸಿದ ಕುಂಚದಿಂದ ತಿಳಿಬೂದು ಬಣ್ಣವನ್ನು ಅಂಚುಗಳ ಮೇಲೆ ಸವರಿದಾಗ ಕಲ್ಲು ಕಲ್ಲಾಗಿಯೇ ಕಂಡಿತು.

ಗೋಡೆ ಒಡೆದಲ್ಲಿ ಜಾರಿ ಬಿದ್ದ ಕಲ್ಲುರಾಶಿಗೆ ಹೆಚ್ಚು ಸಮಯ ಕೊಡಬೇಕು, ಏಕೆಂದರೆ ಸೈನಿಕರು ಹತ್ತಿದ್ದು ಅದರ ಮೇಲೆಯೇ. ಈ ಪ್ರಮಾಣದಲ್ಲಿ ಸೈನಿಕನ ಎತ್ತರ ಸುಮಾರು 24 ಮಿಲಿಮೀಟರ್ ಆಗಿರುವುದರಿಂದ, ಕಡಲೆಬೇಳೆಯಷ್ಟು ಚೂರೂ ಅರ್ಧ ಮೀಟರಿನ ಬಂಡೆಯಂತೆ ಕಾಣುತ್ತದೆ.