ಏಣಿ ಕೊಟ್ಟವರು ಯಾರು?

ಮೆಣಸು ಕೊಯ್ಲಿನ ಕಾಲ. ಸಿದ್ದಾಪುರ ಕಡೆಯ ಒಂದು ಕಂಪನಿ ತೋಟದಿಂದ ಠಾಣೆಗೆ ಫೋನ್ ಬಂತು: ಅಲ್ಯೂಮಿನಿಯಂ ಏಣಿ 11 ಕೆ.ವಿ. ಲೈನಿಗೆ ತಾಗಿ ಕೂಲಿಯಾಳು ಸತ್ತಿದ್ದಾನೆ. ನಾನು ಹೋಗುವಷ್ಟರಲ್ಲಿ ತೋಟದ ಲೆಕ್ಕಪತ್ರ ಬರೆಯುವ ರೈಟರ್ ದೂರು ಬರೆದಿಟ್ಟಿದ್ದರು. 'ತನ್ನ ಅಜಾಗರೂಕತೆಯಿಂದ' ಅಂತ ಅದರಲ್ಲಿ ಎರಡು ಸಲ ಇತ್ತು. ಇಂಥ ದೂರುಗಳಲ್ಲಿ ಸತ್ತವನೇ ಮೊದಲ ಆರೋಪಿ.

ಆಗಿನ್ನೂ ಹಳೇ ಕಾನೂನು. ಸಿಆರ್‌ಪಿಸಿ 174ರಡಿ ಯುಡಿಆರ್ (ಅಸ್ವಾಭಾವಿಕ ಸಾವಿನ ವರದಿ) ದಾಖಲಿಸಿ ಶವ ಪಂಚನಾಮೆ ಮಾಡಿದೆ. ಅಂಗೈ, ಪಾದಗಳಲ್ಲಿ ಸುಟ್ಟ ಗಾಯ. ಏಣಿಯ ತುದಿಯಲ್ಲಿ ಕರಗಿದ ಗುರುತು. ಹೇಗೆ ಸತ್ತ ಅನ್ನುವುದಕ್ಕೆ ಇಷ್ಟು ಸಾಕಿತ್ತು.

ಅಲ್ಲೇ ನಾನೊಂದು ಎಡವಟ್ಟು ಮಾಡಿದೆ. ಕತ್ತಲಾಯಿತೆಂದು ತಂತಿಯ ಎತ್ತರ ಅಳೆಯುವುದನ್ನು ಮರುದಿನಕ್ಕೆ ಬಿಟ್ಟೆ. ಬೆಳಗ್ಗೆ ಹೋದರೆ ಸಿಲ್ವರ್ ಓಕಿನ ಕೊಂಬೆಗಳು ನೆಲದಲ್ಲಿ, ತಂತಿ ಬಿಗಿಯಾಗಿ ಮೇಲೆ! ಪುಣ್ಯಕ್ಕೆ ನಮ್ಮ ಕಾನ್‌ಸ್ಟೇಬಲ್ ಸಂಜೆಯೇ ಫೋಟೊ ತೆಗೆದಿದ್ದ. ವಿದ್ಯುತ್ ಪರಿವೀಕ್ಷಕರಿಗೆ ಅವನ್ನೇ ಕೊಟ್ಟೆ.

ಮೇಸ್ತ್ರಿಯೊಬ್ಬನನ್ನು ಆರೋಪಿ ಮಾಡಿ ಕಡತ ಮುಗಿಸಬಹುದಿತ್ತು. ಅವನನ್ನು ಕೇಳಿದೆ, "ಬಿದಿರೇಣಿ ಎಲ್ಲಿ ಹೋಯ್ತೋ?"

"ಈ ವರ್ಷ ಆಫೀಸಿಂದ ಇದನ್ನೇ ಕೊಟ್ರು ಸಾರ್. ಸಾಲು ಹೇಳಿದ್ದೂ ಅವ್ರೇ."

ಆ ಮಾತು ಹಿಡಿದು ಆಫೀಸಿಗೆ ಹೋದೆ. ಏಣಿಯ ಬಿಲ್ಲು, ಆಳುಗಳ ಹಾಜರಿಯ ಮಸ್ಟರ್ ರೋಲ್, ಪತ್ರಗಳ ಫೈಲು ಎಲ್ಲವನ್ನೂ ಪಂಚರ ಮುಂದೆ ಜಪ್ತಿ ಮಾಡಿದೆ. ತಡಮಾಡಿದರೆ ರಿಜಿಸ್ಟರಿಗೆ ಹೊಸ ಹಾಳೆ ಬರುತ್ತದೆ. ಫೈಲಿನಲ್ಲಿ ಮೂರು ತಿಂಗಳ ಹಿಂದೆ ಮ್ಯಾನೇಜರಿಗೆ ಬರೆದ ಚೀಟಿಯಿತ್ತು: ತಂತಿ ಜೋತಿದೆ, ಆ ಸಾಲಿಗೆ ಆಳು ಬಿಡುವುದು ಬೇಡ. ಬರೆದದ್ದು ಅದೇ ರೈಟರ್, ದೂರಿನಲ್ಲಿದ್ದ ಅದೇ ಕೈಬರಹ.

ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದನೆಂದು ಮ್ಯಾನೇಜರ್ ಮೇಲೆ ಐಪಿಸಿ 304ಎ ಹಾಕಿದೆ. ಗರಿಷ್ಠ ಎರಡು ವರ್ಷ. ಈಗಿನ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 106ರಲ್ಲಿ ಐದು. ಬೆಂಗಳೂರಿನ ನಿರ್ದೇಶಕರನ್ನೂ ಸೇರಿಸಿ ಎಂದು ಕಾರ್ಮಿಕ ಸಂಘದವರು ಪಟ್ಟು ಹಿಡಿದರು. ಐಪಿಸಿ ಪ್ರಕಾರ ಕಂಪನಿಯೂ 'ವ್ಯಕ್ತಿ'ಯೇ. ಆದರೆ ಕುರ್ಚಿಯಲ್ಲಿ ಕೂತ ಮಾತ್ರಕ್ಕೆ ನಿರ್ದೇಶಕ ಆರೋಪಿಯಾಗುವುದಿಲ್ಲ, ಅವನದೇ ನಿರ್ಲಕ್ಷ್ಯ ತೋರಿಸಬೇಕು. ಚೀಟಿ ಮ್ಯಾನೇಜರ ಮೇಜು ದಾಟಿದ್ದಕ್ಕೆ ನನಗೆ ಸಾಕ್ಷ್ಯ ಸಿಗಲಿಲ್ಲ. ಬಿಟ್ಟೆ. ಸಂಘದವರು ನನ್ನನ್ನು ಬೈದದ್ದರಲ್ಲಿ ತಪ್ಪೇನೂ ಕಾಣಲಿಲ್ಲ.

ಇದರ ನಡುವೆ ಕೂಲಿಯವರ ಲೈನ್ ಮನೆಯಲ್ಲಿ ರಾಜಿ ಮಾತು ನಡೆದಿತ್ತು. ಕವರಿನಲ್ಲಿ ದುಡ್ಡು, ಖಾಲಿ ಹಾಳೆಗೆ ಹೆಬ್ಬೆಟ್ಟು. ಸತ್ತವನ ಹೆಂಡತಿಗೆ ಹೇಳಿದೆ: "ಅಮ್ಮಾ, ಹೆಬ್ಬೆಟ್ಟು ಒತ್ತಬೇಡಿ. ಈ ಕೇಸು ರಾಜಿಗೆ ಬರಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆ ಪ್ರಕಾರ ಪರಿಹಾರವನ್ನ ಅವರು ಆಯುಕ್ತರ ಹತ್ತಿರ ಕಟ್ಟಬೇಕು."

ಆಕೆ ಕವರು ವಾಪಸ್ ಕೊಟ್ಟಳು.