ಒಸರುವ ನೀರಿನ ಬಣ್ಣ ನೋಡಿ: ಸಣ್ಣ ನೀರಾವರಿ ಅಣೆಕಟ್ಟನ್ನು ತಪಾಸಣೆ ಮಾಡುವುದು ಹೇಗೆ?

ಮಣ್ಣಿನ ಏರಿಯ ಹಿಂದೆ ನಿಂತ ನೀರು ಸ್ವಲ್ಪ ಸ್ವಲ್ಪವಾಗಿ ಏರಿಯ ಮೈಯೊಳಗೆ ಇಳಿದು, ಕಣ್ಣಿಗೆ ಕಾಣದಂತೆ ಸಾಗಿ, ಹೊರಬದಿಯ ಬುಡದಲ್ಲಿ ಎಲ್ಲಾದರೂ ಒಂದು ಕಡೆ ಒಸರಿಯೇ ತೀರುತ್ತದೆ. ಒಂದು ಹನಿಯೂ ಒಸರದ ಮಣ್ಣಿನ ಅಣೆಕಟ್ಟು ಇರುವುದಿಲ್ಲ. ಹಾಗಾಗಿ ‘ಸೋರುತ್ತಿದೆಯೇ?’ ಎಂಬ ಪ್ರಶ್ನೆಯಿಂದ ತಪಾಸಣೆ ಆರಂಭಿಸಿದರೆ ಉತ್ತರ ಪ್ರತಿಸಲವೂ ಹೌದು ಎಂದೇ ಬರುತ್ತದೆ, ಕ್ರಮೇಣ ಆ ಉತ್ತರಕ್ಕೆ ಯಾರೂ ಕಿವಿಗೊಡುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ ಎರಡು: ಒಸರುವ ನೀರು ತಿಳಿಯಾಗಿದೆಯೇ ಬಗ್ಗಡವಾಗಿದೆಯೇ, ಮತ್ತು ಕಳೆದ ಬಾರಿ ನೋಡಿದಾಗ ಎಷ್ಟಿತ್ತೋ ಅಷ್ಟೇ ಇದೆಯೇ?

ಈ ಪ್ರಶ್ನೆಗಳನ್ನು ಅಣೆಕಟ್ಟಿನ ನೀರನ್ನು ಬಳಸುವವರೇ ಕೇಳಿಕೊಳ್ಳಬೇಕಾಗುತ್ತದೆ. ಕಾನೂನುಬದ್ಧ ತಪಾಸಣೆ ಸಾಮಾನ್ಯವಾಗಿ ದೊಡ್ಡ ಅಣೆಕಟ್ಟುಗಳಿಗೆ ಮೀಸಲು. ಉದಾಹರಣೆಗೆ ಭಾರತದ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯವಾಗುವುದು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ ಮತ್ತು 10ರಿಂದ 15 ಮೀಟರ್ ಎತ್ತರದವುಗಳಲ್ಲಿ ಕೆಲವು ನಿಗದಿತ ಲಕ್ಷಣಗಳಿರುವವಕ್ಕೆ. ಅದಕ್ಕಿಂತ ತಗ್ಗಿನ ಏರಿಗಳು ಈ ಲೆಕ್ಕದ ಹೊರಗೆ ಉಳಿಯುತ್ತವೆ. ಆದರೆ ನೀರಿನ ಒತ್ತಡ ನಿರ್ಧಾರವಾಗುವುದು ಆಳದಿಂದಲೇ ಹೊರತು ಹರವಿನಿಂದಲ್ಲ. 6 ಮೀಟರ್ ಆಳದ ನೀರು ಪುಟ್ಟ ಕೆರೆಯಲ್ಲಿದ್ದರೂ ವಿಶಾಲ ಜಲಾಶಯದಲ್ಲಿದ್ದರೂ ಏರಿಯ ಬುಡವನ್ನು ಒತ್ತುವ ಬಲ ಒಂದೇ.

ತಪಾಸಣೆಗೆ ಬೇಕಾದ ಸಾಮಗ್ರಿ ಹೆಚ್ಚಿಲ್ಲ. ಒಂದು ನೋಟ್‌ಬುಕ್, ಅಳತೆ ಟೇಪು, ಹತ್ತಿಪ್ಪತ್ತು ಮರದ ಗೂಟಗಳು, 10 ಲೀಟರ್ ಬಕೆಟ್, ಸೆಕೆಂಡು ತೋರಿಸುವ ಗಡಿಯಾರ, ಒಂದೆರಡು ಪಾರದರ್ಶಕ ಗಾಜಿನ ಬಾಟಲಿ ಮತ್ತು ಫೋಟೊ ತೆಗೆಯಲು ಮೊಬೈಲ್ ಇದ್ದರೆ ಸಾಕು. ಒಬ್ಬರೇ ಹೋಗಬೇಡಿ. ಮಳೆಗಾಲಕ್ಕೆ ಮುನ್ನ ನೀರು ತಗ್ಗಿರುವಾಗ ಒಮ್ಮೆ, ನೀರು ತುಂಬಿದಾಗ ಒಮ್ಮೆ, ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಪೂರ್ಣ ತಪಾಸಣೆ ಆಗಬೇಕು. ಭಾರಿ ಮಳೆ ಅಥವಾ ಭೂಕಂಪದ ನಂತರ ತಡಮಾಡದೆ ನೋಡಬೇಕು. ಹೊಸದಾಗಿ ಕಟ್ಟಿದ ಏರಿ ಮೊದಲ ಬಾರಿ ತುಂಬುತ್ತಿರುವಾಗಲಂತೂ ಪ್ರತಿದಿನ ನೋಡಬೇಕು.

ಏರಿಯ ನೆತ್ತಿಯಿಂದ ಆರಂಭಿಸಿ

ಮೊದಲು ಏರಿಯ ನೆತ್ತಿಯ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಯವರೆಗೆ ಕಣ್ಣು ಹಾಯಿಸಿ. ನೆತ್ತಿ ಎಲ್ಲಾದರೂ ಕುಸಿದಿದ್ದರೆ, ಅಂಚಿನ ಗೆರೆ ಬಾಗಿದ್ದರೆ, ಅದು ದೂರದಿಂದಲೇ ಚೆನ್ನಾಗಿ ಕಾಣುತ್ತದೆ. ಅನುಮಾನವಿದ್ದಲ್ಲಿ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಮಟ್ಟ ಹಿಡಿದು ನೋಡಿ. ಪ್ರವಾಹ ಬಂದಾಗ ನೀರು ಇಡೀ ಏರಿಯ ಮೇಲೆ ಸಮನಾಗಿ ಹತ್ತುವುದಿಲ್ಲ. ಒಂದು ಗೇಣು ತಗ್ಗಿರುವ ಜಾಗವನ್ನೇ ಹುಡುಕಿಕೊಂಡು ಅಲ್ಲಿ ನುಗ್ಗಿ ಕೊರೆಯುತ್ತದೆ.

ನಂತರ ಬಿರುಕುಗಳನ್ನು ನೋಡಿ. ಬೇಸಿಗೆಯಲ್ಲಿ ಜೇಡಿಮಣ್ಣು ಒಣಗಿ ಬಲೆಯಂತೆ ಬಿಡುವ ಸಣ್ಣ ಬಿರುಕುಗಳು ಸಾಮಾನ್ಯವಾಗಿ ಮೇಲುಮೇಲಿನವು. ಏರಿಯ ಉದ್ದಕ್ಕೆ ಸಮಾನಾಂತರವಾಗಿ ಸಾಗುವ ಬಿರುಕು ಒಂದು ಬದಿಯ ಇಳಿಜಾರು ಜಾರುತ್ತಿರುವುದರ ಸೂಚನೆಯಾಗಿರಬಹುದು. ಎಲ್ಲಕ್ಕಿಂತ ಕೆಟ್ಟದ್ದು ಏರಿಗೆ ಅಡ್ಡಲಾಗಿ, ನೀರಿನ ಬದಿಯಿಂದ ಹೊರಬದಿಗೆ ಹಾಯುವ ಬಿರುಕು. ಅದು ನೀರಿಗೆ ಸಿದ್ಧವಾದ ದಾರಿ. ಬಿರುಕಿನ ಎರಡೂ ಬದಿಗೆ ಗೂಟ ಹೊಡೆದು, ನಡುವಿನ ಅಂತರವನ್ನು ದಿನಾಂಕದೊಂದಿಗೆ ಬರೆದಿಡಿ. ಮೇಲೆ ಮಣ್ಣು ಸವರಿ ಮುಚ್ಚುವುದರಿಂದ ಬಿರುಕು ವಾಸಿಯಾಗುವುದಿಲ್ಲ, ಅದರ ಗುರುತು ಮಾತ್ರ ಅಳಿಸಿಹೋಗುತ್ತದೆ.

ಕೋಡಿಗೆ ಅಡ್ಡ ಇಡಬೇಡಿ

ಸಣ್ಣ ಅಣೆಕಟ್ಟುಗಳಲ್ಲಿ ನಾನು ಅತ್ಯಂತ ಅಪಾಯಕಾರಿ ಎಂದು ಭಾವಿಸುವ ತಪ್ಪು ಸದುದ್ದೇಶದಿಂದಲೇ ನಡೆಯುವಂಥದ್ದು: ಇನ್ನಷ್ಟು ನೀರು ನಿಲ್ಲಲಿ ಎಂದು ಕೋಡಿಯ ಮೇಲೆ ಮರಳಿನ ಚೀಲಗಳನ್ನೋ ಒಂದೆರಡು ಸಾಲು ಕಲ್ಲನ್ನೋ ಜೋಡಿಸುವುದು. ಅರ್ಧ ಮೀಟರ್ ಎತ್ತರಿಸಿದರೆ ಏನಾದೀತು ಎಂದು ತೋರುವುದು ಸಹಜ. ಆದರೆ ಕೋಡಿಯ ಮೇಲೆ ಹರಿಯುವ ನೀರಿನ ಪ್ರಮಾಣ ಅದರ ಆಳಕ್ಕೆ ನೇರ ಅನುಪಾತದಲ್ಲಿ ಇರುವುದಿಲ್ಲ, ಆಳದ ಒಂದೂವರೆ ಘಾತಕ್ಕೆ ಅನುಗುಣವಾಗಿ ಇರುತ್ತದೆ. 10 ಮೀಟರ್ ಅಗಲದ ಕೋಡಿಯ ಮೇಲೆ 1 ಮೀಟರ್ ಆಳದಲ್ಲಿ ನೀರು ಹರಿಯುವಾಗ ಸೆಕೆಂಡಿಗೆ ಸುಮಾರು 17 ಘನ ಮೀಟರ್ ಹೊರಹೋಗುತ್ತದೆ. ಅದೇ ಆಳ ಅರ್ಧ ಮೀಟರ್ ಆದರೆ ಹೊರಹೋಗುವುದು ಸುಮಾರು 6 ಘನ ಮೀಟರ್ ಮಾತ್ರ. ಎಂದರೆ, ಕೋಡಿಗೂ ಏರಿಯ ನೆತ್ತಿಗೂ ನಡುವೆ ಇದ್ದ 1 ಮೀಟರ್ ಅಂತರದಲ್ಲಿ ಅರ್ಧವನ್ನು ಚೀಲಗಳು ನುಂಗಿದರೆ, ಪ್ರವಾಹವನ್ನು ಸಾಗಿಸುವ ಶಕ್ತಿ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಳಿದ ನೀರಿಗೆ ಏರಿಯ ಮೇಲೆ ಹತ್ತುವುದಲ್ಲದೆ ಬೇರೆ ದಾರಿಯಿಲ್ಲ, ಮತ್ತು ಮಣ್ಣಿನ ಏರಿ ತನ್ನ ಮೇಲೆ ನೀರು ಹರಿಯುವುದನ್ನು ಹೆಚ್ಚು ಹೊತ್ತು ತಾಳುವುದಿಲ್ಲ. 1979ರ ಆಗಸ್ಟ್ 11ರಂದು ಗುಜರಾತಿನ ಮಚ್ಛು–2 ಅಣೆಕಟ್ಟಿನಲ್ಲಿ ನಡೆದದ್ದು ಇದೇ ಬಗೆಯ ವೈಫಲ್ಯ: ಹೊರಬಿಡಲಾಗದಷ್ಟು ಪ್ರವಾಹ ಬಂದಾಗ ನೀರು ಮಣ್ಣಿನ ಪಾರ್ಶ್ವಗಳ ಮೇಲೆ ಹತ್ತಿ ಅವುಗಳನ್ನು ಕೊಚ್ಚಿಕೊಂಡು ಕೆಳಗಿನ ಮೋರ್ಬಿ ಪಟ್ಟಣದ ಮೇಲೆ ಎರಗಿತು.

ಆದ್ದರಿಂದ ಮಳೆಗೆ ಮುನ್ನ ಕೋಡಿಯ ಪೂರ್ತಿ ಅಗಲವನ್ನು ನಡೆದು ನೋಡಿ. ಪೊದೆ, ಉರುಳಿದ ಮರ, ಮೀನಿನ ಬಲೆಗೆ ನೆಟ್ಟ ಕಂಬ, ಯಾವುದಿದ್ದರೂ ತೆಗೆಯಿರಿ. ಕೋಡಿಯ ಕೆಳಗಿನ ಕಾಲುವೆಯ ತಳ ಕೊರೆದುಹೋಗಿ ಹೊಂಡವಾಗಿದ್ದರೆ, ಆ ಕೊರೆತ ಪ್ರತಿ ಪ್ರವಾಹದಲ್ಲಿಯೂ ಹಿಂದೆ ಹಿಂದೆ ಸರಿಯುತ್ತ ಕೋಡಿಯ ಬುಡಕ್ಕೇ ಬರುತ್ತದೆ, ಅದನ್ನು ಬರೆದುಕೊಳ್ಳಿ.

ಹೊರಬದಿಯ ಬುಡದಲ್ಲಿ

ತಪಾಸಣೆಯ ಅರ್ಧದಷ್ಟು ಸಮಯ ಇಲ್ಲಿಗೇ ಮೀಸಲಿರಲಿ. ಸುತ್ತಲಿನ ಹುಲ್ಲು ಒಣಗಿರುವಾಗ ಒಂದೇ ಕಡೆ ಹಸಿರಾಗಿ ಬೆಳೆದಿದ್ದರೆ, ನೆಲ ಕಾಲಿಗೆ ಮೆತ್ತಗೆ ತಗುಲಿದರೆ, ಅಲ್ಲಿ ನೀರು ಒಸರುತ್ತಿದೆ ಎಂದು ತಿಳಿಯಿರಿ. ಪ್ರತಿಯೊಂದು ಒಸರಿಗೂ ಒಂದು ಗೂಟ, ಒಂದು ಸಂಖ್ಯೆ ಕೊಡಿ. ಪುಟ್ಟ ಕಾಲುವೆ ತೋಡಿ, ನೀರನ್ನು ಒಂದು ಪೈಪಿನ ಬಾಯಿಗೆ ತಂದು, 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಅಳೆಯಿರಿ. 25 ಸೆಕೆಂಡಾದರೆ ಒಸರು ಸೆಕೆಂಡಿಗೆ 0.4 ಲೀಟರ್. ಕಾಲುವೆ ತೋಡುವಾಗ ಏರಿಯ ಬುಡವನ್ನು ಮಾತ್ರ ಕಡಿಯಬಾರದು.

ಇನ್ನು ಬಣ್ಣ. ಒಸರಿನ ನೀರನ್ನು ಬಾಟಲಿಯಲ್ಲಿ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಅಲುಗಿಸದೆ ಒಂದು ದಿನ ಇಡಿ. ತಳದಲ್ಲಿ ಮಣ್ಣು ಕೂತರೆ ಆ ಮಣ್ಣು ಏರಿಯ ಒಳಗಿನದು ಅಥವಾ ಅದರ ತಳಪಾಯದ್ದು. ಕೊರೆತ ಹೊರಬಾಯಿಯಲ್ಲಿ ಆರಂಭವಾಗಿ, ಕಣಕಣವಾಗಿ ಮಣ್ಣನ್ನು ಹೊರತಂದು, ನೀರಿನ ಕಡೆಗೆ ಹಿಮ್ಮುಖವಾಗಿ ಸುರಂಗ ಕೊರೆಯುತ್ತ ಹೋಗುತ್ತದೆ. ದಾರಿ ಗಿಡ್ಡವಾದಷ್ಟೂ ನೀರಿನ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಷ್ಟೂ ಮಣ್ಣು ಬೇಗ ಬರುತ್ತದೆ. ಅಮೆರಿಕದ ಐಡಹೊದ ಟೀಟನ್ ಅಣೆಕಟ್ಟಿನಲ್ಲಿ 1976ರ ಜೂನ್ 5ರ ಬೆಳಿಗ್ಗೆ ಕಂಡ ಬಗ್ಗಡದ ಸೋರಿಕೆ ಮಧ್ಯಾಹ್ನದೊಳಗೆ ಸುಮಾರು 93 ಮೀಟರ್ ಎತ್ತರದ ಆ ಕಟ್ಟೆಯನ್ನೇ ಒಡೆಯಿತು. ರಂಧ್ರಕ್ಕೆ ಮಣ್ಣು ದೂಡಲು ಹೋದ ಎರಡು ಬುಲ್ಡೋಜರುಗಳೂ ಅದರೊಳಗೆ ಹೋದವು. ಅದು ಆ ಜಲಾಶಯ ಮೊದಲ ಬಾರಿ ತುಂಬುತ್ತಿದ್ದ ಕಾಲ.

ಅಳತೆಯ ಪಕ್ಕದಲ್ಲಿ ಆ ದಿನದ ನೀರಿನ ಮಟ್ಟವನ್ನೂ ಮಳೆಯನ್ನೂ ಬರೆಯದಿದ್ದರೆ ಅಳತೆಗೆ ಅರ್ಥವಿಲ್ಲ. ನೀರು ಏರಿದಾಗ ಒಸರು ಹೆಚ್ಚುವುದು ಸಹಜ. ನೀರಿನ ಮಟ್ಟ ಇದ್ದಲ್ಲೇ ಇದ್ದು, ಮಳೆಯೂ ಇಲ್ಲದೆ ಒಸರು ಹೆಚ್ಚಿದರೆ ಅದೇ ದಿನ ಎಂಜಿನಿಯರನ್ನು ಕರೆಯಬೇಕು. ಒಸರು ಇದ್ದಕ್ಕಿದ್ದಂತೆ ನಿಂತುಹೋದರೂ ಸಮಾಧಾನಪಡಬೇಡಿ, ಅದು ಬೇರೊಂದು ದಾರಿ ಹಿಡಿದಿರಬಹುದು.

ತೂಬು, ಮರ, ಬಿಲ

ಏರಿಯ ಮಣ್ಣಿಗೂ ತೂಬಿನ ಕೊಳವೆಗೂ ನಡುವಿನ ಸಂದು ಕೊರೆತಕ್ಕೆ ಸುಲಭದ ದಾರಿ. ತೂಬನ್ನು ಪೂರ್ತಿ ಮುಚ್ಚಿ, ಕೊಳವೆಯ ಹೊರಬಾಯಿಯ ಸುತ್ತ ನೀರು ಬರುತ್ತಿದೆಯೇ ಎಂದು ನೋಡಿ. ವರ್ಷಕ್ಕೊಮ್ಮೆಯಾದರೂ ತೂಬನ್ನು ಪೂರ್ತಿ ತೆರೆದು ಮುಚ್ಚಿ, ತಿರುಪಿಗೆ ಗ್ರೀಸ್ ಹಚ್ಚಿ. ತುಕ್ಕು ಹಿಡಿದು ಕೂತ ತೂಬು ತುರ್ತಿನಲ್ಲಿ ತೆರೆಯುವುದಿಲ್ಲ. ಗಿಡಗಳನ್ನು ಎಳೆಯವಾಗಿರುವಾಗಲೇ ಕೀಳಬೇಕು. ಬಲಿತ ಮರವನ್ನು ಬೇರುಸಹಿತ ಕಿತ್ತರೂ, ಕಡಿದು ಬೇರು ಕೊಳೆಯಲು ಬಿಟ್ಟರೂ ಏರಿಯಲ್ಲಿ ಟೊಳ್ಳು ಉಳಿಯುವುದರಿಂದ ಆ ಕೆಲಸಕ್ಕೆ ತಜ್ಞರ ಸಲಹೆ ಬೇಕು. ಹೆಗ್ಗಣ, ಏಡಿಗಳ ಬಿಲಗಳನ್ನು, ಹುತ್ತಗಳನ್ನು ನೀರು ತಗ್ಗಿರುವಾಗ ಅಗೆದು, ಅದೇ ಬಗೆಯ ಮಣ್ಣನ್ನು ತೆಳುವಾದ ಪದರಗಳಲ್ಲಿ ಹಾಕಿ ದಮ್ಮಸು ಮಾಡಬೇಕು.

ಬಗ್ಗಡ ಕಂಡರೆ

ಬುಡದಲ್ಲಿ ನೀರು ಮರಳನ್ನು ಚಿಮ್ಮಿಸುತ್ತ ಕುದಿಯುವಂತೆ ಉಕ್ಕುತ್ತಿದ್ದರೆ, ಅಥವಾ ಬಗ್ಗಡದ ಹರಿವು ಕಣ್ಣೆದುರೇ ಹೆಚ್ಚುತ್ತಿದ್ದರೆ, ಮೊದಲ ಕೆಲಸ ಕೆಳಗಿನ ಮನೆ, ಹೊಲಗಳಲ್ಲಿರುವವರನ್ನು ಎತ್ತರದ ಜಾಗಕ್ಕೆ ಕಳಿಸಿ, ಅಧಿಕಾರಿಗಳಿಗೆ ಕರೆ ಮಾಡುವುದು. ಅವರ ಸಂಖ್ಯೆಗಳು ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇರಬೇಕು. ಒಸರಿನ ಬಾಯಿಗೆ ಜೇಡಿಮಣ್ಣು, ಸಿಮೆಂಟು ಜಡಿದು ಮುಚ್ಚಬಾರದು, ಏಕೆಂದರೆ ಒಳಗೆ ಒತ್ತಡ ಏರಿ ನೀರು ಪಕ್ಕದಲ್ಲಿ ಒಡೆದುಕೊಂಡು ಬರುತ್ತದೆ. ಹರಿವು ಇನ್ನೂ ಸಣ್ಣದಾಗಿದ್ದು, ಅಲ್ಲಿ ನಿಲ್ಲುವುದು ಸುರಕ್ಷಿತ ಎನಿಸಿದರೆ ಮಾತ್ರ, ಬಾಯಿಯ ಮೇಲೆ ಮೊದಲು ದಪ್ಪ ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ಕಲ್ಲು ಹೇರಬಹುದು; ಈ ಪದರಗಳು ಮಣ್ಣನ್ನು ತಡೆದು ನೀರನ್ನು ಮಾತ್ರ ಬಿಡುತ್ತವೆ. ಉಕ್ಕುವ ಬುಗ್ಗೆಯ ಸುತ್ತ ಮರಳಿನ ಚೀಲಗಳ ಉಂಗುರ ಕಟ್ಟಿ, ಅದರೊಳಗೆ ನೀರು ನಿಲ್ಲುವಂತೆ ಮಾಡಿದರೆ ಆ ನೀರಿನ ಭಾರವೇ ಬುಗ್ಗೆಯ ರಭಸವನ್ನು ತಗ್ಗಿಸುತ್ತದೆ.

ಜೊತೆಗೆ ತೂಬು ತೆರೆದು ನೀರಿನ ಮಟ್ಟ ಇಳಿಸಬೇಕು. ಸಾಮಾನ್ಯ ದಿನಗಳಲ್ಲಿ ಈ ಇಳಿತ ನಿಧಾನವಾಗಿರಬೇಕು, ದಿನಕ್ಕೆ 30 ಸೆಂಟಿಮೀಟರ್ ಆಸುಪಾಸು. ನೀರಿನಾಸರೆ ಒಮ್ಮೆಲೇ ತಪ್ಪಿದರೆ, ಇನ್ನೂ ನೀರು ಹೀರಿಕೊಂಡೇ ಇರುವ ಒಳಬದಿಯ ಮಣ್ಣು ಕೆರೆಯ ಕಡೆಗೆ ಜಾರಬಹುದು. ಏರಿ ಒಡೆಯುವ ಭಯ ಕಣ್ಣೆದುರಿಗಿದ್ದಾಗ ಈ ಮಿತಿಯನ್ನು ಮೀರಬೇಕೇ ಎಂಬುದನ್ನು ಎಂಜಿನಿಯರ್ ನಿರ್ಧರಿಸಲಿ, ಮತ್ತು ಅವರು ಬಂದ ಕೂಡಲೇ ಕೇಳುವುದು ಹಿಂದಿನ ಅಳತೆಗಳನ್ನು.